ಹಡಪ ಹಿಡಿದವನು ಬರೀ ಆಳಲ್ಲ

ಗಂಗಾವತಿ ಹತ್ರದ ಆನೆಗೊಂದಿಯಲ್ಲಿ ಹೊಳೆ ದಂಡೆಗೆ ನಿಂತ್ರೆ ಆಚೆ ಹಂಪಿ. 1443ರಲ್ಲಿ ಅಲ್ಲಿನ ಅರಸ ಎರಡನೇ ದೇವರಾಯನ ಹತ್ರ ಬಂದ ಹೆರಾತ್‌ನ ರಾಯಭಾರಿ ಅಬ್ದುರ್ ರಜಾಕ್‌ಗೆ ಎಲೆ-ಅಡಿಕೆ ಕೊಟ್ಟು ಮರ್ಯಾದೆ ಮಾಡಿದ್ರು.

ಎಲೆ-ಅಡಿಕೆ ಇಡೋ ಚೀಲಕ್ಕೆ ಹಡಪ ಅಂತಾರೆ. ಅದನ್ನ ಹಿಡಿಯೋಕೆ ಪಕ್ಕಾ ನಂಬಿಗಸ್ತನೇ ಬೇಕು. ಯಾಕಂದ್ರೆ ಎಲೆಯಲ್ಲಿ ವಿಷ ಬಿತ್ತಂದ್ರೆ ಅರಸನ ಕಥೆ ಮುಗೀತು! ಸದಾ ಮಗ್ಗುಲಲ್ಲೇ ಇರೋನಿಗೆ ಅರಮನೆಯ ಗುಟ್ಟೂ ಕಿವಿಗೆ ಬೀಳ್ತಿತ್ತು.

ಅರಸರು ಬಿಡ್ರಿ, 12ನೇ ಶತಮಾನದಲ್ಲಿ ಬಿಜ್ಜಳನ ಭಂಡಾರಿ ಬಸವಣ್ಣನಿಗೂ ಹಡಪ ಹಿಡಿಯೋನಿದ್ದ: ಅಪ್ಪಣ್ಣ. ಅವನೂ ಹೆಂಡತಿ ಲಿಂಗಮ್ಮನೂ ವಚನಕಾರರು. ನಮ್ಮ ಕಡೆ ಕ್ಷೌರ ವೃತ್ತಿಯ ಹಡಪದ ಸಮಾಜಕ್ಕೆ ಅಪ್ಪಣ್ಣನೇ ಹಿರಿಯ.

ಬಿ.ಕಾಂ ಓದುವಾಗ ನಮ್ಮ ಕ್ಲಾಸಲ್ಲಿ ‘ಹಡಪದ’ ಅಂತ ಹಾಜರಿ ಕೂಗಿದ್ರೆ ಹಿಂದಿನ ಬೆಂಚು ಕತ್ತರಿ ಸದ್ದು ಮಾಡ್ತಿತ್ತು. ನಾನೂ ನಕ್ಕಿದ್ದೆ.