ಒಂದು ಮನೆಗೆ ಒಂದು ಹಣ: 1368ರ ಒಂದು ರಾಜಿ

ಭಾಗ 1
ಫ್ರೆಂಡ್ಸ್, ಶ್ರವಣಬೆಳಗೊಳಕ್ಕೆ ಹೋದ್ರೆ ನಾವೆಲ್ಲ ಏನ್ಮಾಡ್ತೀವಿ? ಬೆಟ್ಟ ಹತ್ತಿ, ಗೊಮ್ಮಟನ ಪಾದದ ಹತ್ರ ಫೋಟೋ ತೆಗೆಸ್ಕೊಂಡು, ಇಳಿದು ಎಳನೀರು ಕುಡಿದು ಬಸ್ ಹತ್ತೋದು. ನಾನೂ ಅಷ್ಟೇ ಮಾಡಿದ್ದೆ. ಕೆಳಗೆ ಊರೊಳಗೆ ಭಂಡಾರಿ ಬಸದಿ ಅಂತ ಒಂದಿದೆ. ಹೊಯ್ಸಳ ಒಂದನೇ ನರಸಿಂಹನ ಭಂಡಾರಿ, ಅಂದ್ರೆ ಖಜಾನೆ ಅಧಿಕಾರಿ, ಹುಳ್ಳ ಎಂಬಾತ 1159ರಲ್ಲಿ ಕಟ್ಟಿಸಿದ್ದು. ಬಿಕಾಂ ಓದೋರಿಗೆ ಈತ ಸೀನಿಯರ್ ಅನ್ನಿ! ಇವತ್ತಿನ ಕಥೆ ಈ ಬಸದಿಯಲ್ಲಿರುವ ಒಂದು ಶಾಸನದ್ದು.

ಭಾಗ 2
ಅದಕ್ಕೂ ಮೊದಲು ಒಂದು ವಿಷಯ. ಕಳೆದ ತಿಂಗಳು ನಮ್ಮ ಕ್ಲಾಸ್ ಗ್ರೂಪಿನಲ್ಲಿ ಧರ್ಮದ ಬಗ್ಗೆ ಜಗಳ ಆಗಿ ಮೂರು ಜನ ಗ್ರೂಪ್ ಬಿಟ್ಟರು. ಒಬ್ಬರು "ಇತಿಹಾಸದ ತುಂಬಾ ಬರೀ ಹೊಡೆದಾಟ" ಅಂದ್ರು. ಇನ್ನೊಬ್ಬರು "ಹಿಂದೆ ಎಲ್ಲರೂ ಅಣ್ಣತಮ್ಮಂದಿರ ಹಾಗೆ ಇದ್ರು" ಅಂದ್ರು. ಈ ಶಾಸನ ಓದಿದ್ಮೇಲೆ ನನಗನ್ನಿಸಿದ್ದು, ಎರಡೂ ಅರ್ಧ ಸತ್ಯ.

ಭಾಗ 3
1368. ವಿಜಯನಗರದಲ್ಲಿ ಬುಕ್ಕರಾಯನ ಆಳ್ವಿಕೆ. ಗಂಗರ ಕಾಲದಲ್ಲಿ ರಾಜಾಶ್ರಯ ಪಡೆದು ಬೆಳೆದಿದ್ದ ಜೈನರ ಬಲ ಅಷ್ಟೊತ್ತಿಗೆ ಕಡಿಮೆಯಾಗಿತ್ತು. ಆನೆಗೊಂದಿ, ಪೆನುಗೊಂಡೆ ಮುಂತಾದ ಊರುಗಳ ಜೈನರು ರಾಜನ ಹತ್ತಿರ ದೂರು ತಂದರು: ವೈಷ್ಣವರಿಂದ ನಮಗೆ ಅನ್ಯಾಯ ಆಗ್ತಿದೆ. ಅಂದ್ರೆ ಜಗಳ ಇತ್ತು. ಶಾಸನ ಅದನ್ನು ಮುಚ್ಚಿಡಲ್ಲ.

ರಾಜ ಶ್ರೀವೈಷ್ಣವರನ್ನು ಕರೆಸಿದ. ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಯ ಆಚಾರ್ಯರ ತನಕ ಹೆಸರುಗಳಿವೆ. ಎಲ್ಲರ ಮುಂದೆ ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟ. ಈ ಎರಡು ದರ್ಶನಗಳ ನಡುವೆ ಭೇದ ಇಲ್ಲ ಅಂದ. ಪಂಚಮಹಾವಾದ್ಯ, ಕಲಶದ ಗೌರವ ಮೊದಲಿನ ಹಾಗೆಯೇ ಜೈನರಿಗೂ ಸಲ್ಲಬೇಕು ಅಂದ. ಜೈನರಿಗೆ ಆಗುವ ಹಾನಿಯನ್ನು ವೈಷ್ಣವರು ತಮ್ಮದೇ ಹಾನಿ ಅಂತ ತಿಳೀಬೇಕು ಅಂತಲೂ ಸೇರಿಸಿದ.

ಭಾಗ 4
ಸಿನಿಮಾ ಆಗಿದ್ರೆ ಇಲ್ಲಿಗೇ ಮುಗೀತಿತ್ತು. ಶಾಸನ ಮುಗಿಯಲ್ಲ, ಲೆಕ್ಕಕ್ಕೆ ಇಳಿಯುತ್ತೆ. ಜೈನರ ಪ್ರತಿ ಮನೆಯಿಂದ ವರ್ಷಕ್ಕೆ ಒಂದು ಹಣ. ಹಣ ಅಂದ್ರೆ ಆಗಿನ ಒಂದು ಸಣ್ಣ ನಾಣ್ಯ. ಅದರಲ್ಲಿ ಬೆಳಗೊಳದ ದೇವರ ಕಾವಲಿಗೆ 20 ಜನರನ್ನು ಇಡಬೇಕು. ಉಳಿದದ್ದರಲ್ಲಿ ಹಾಳಾದ ಬಸದಿಗಳಿಗೆ ಸುಣ್ಣ, ರಿಪೇರಿ. ವಸೂಲಿ, ಕಾವಲು, ಖರ್ಚು ಎಲ್ಲದರ ಹೊಣೆ ಯಾರಿಗೆ ಗೊತ್ತಾ? ತಿರುಮಲೆಯ ತಾತಯ್ಯನಿಗೆ. ಅಂದ್ರೆ ಯಾರ ಕಡೆಯವರ ಮೇಲೆ ದೂರಿತ್ತೋ ಅದೇ ಶ್ರೀವೈಷ್ಣವರ ಕಡೆಯವನಿಗೆ! ಈ ಕಟ್ಟಳೆ ಮೀರಿದವರು ರಾಜದ್ರೋಹಿಗಳು. ಮುಂದೆ ಕಲ್ಲೆಹದ ಬುಸುವಿಸೆಟ್ಟಿ ರಾಜನಿಗೆ ಬಿನ್ನಹ ಮಾಡಿ, ತಾತಯ್ಯನನ್ನು ಕರೆತಂದು ಜೀರ್ಣೋದ್ಧಾರ ಮಾಡಿಸಿದಾಗ, ಎರಡೂ ಸಮಯದವರು ಸೇರಿಯೇ ಅವನಿಗೆ ಸಂಘನಾಯಕ ಅನ್ನೋ ಪಟ್ಟ ಕಟ್ಟಿದರು. ಇನ್ನೊಂದು ವಿಶೇಷ: ಜೈನ ಬಸದಿಯಲ್ಲಿರುವ ಈ ಶಾಸನ ಶುರುವಾಗೋದು ರಾಮಾನುಜರ ಸ್ತುತಿಯಿಂದ.

ಭಾಗ 5
ನನಗೆ ಒಂದು ಕಡೆ ಚುಚ್ಚುತ್ತೆ. ಅನ್ಯಾಯ ಆಗಿದ್ದು ಜೈನರಿಗೆ, ದುಡ್ಡು ಕೊಟ್ಟವರೂ ಜೈನರೇ. ಇದು ಪೂರ್ತಿ ನ್ಯಾಯ ಅಂತ ನಾನು ಹೇಳಲ್ಲ. ಆದ್ರೆ "ಎಲ್ಲರೂ ಪ್ರೀತಿಯಿಂದ ಇರಿ" ಅಂತ ಹೇಳಿ ಕೈತೊಳ್ಕೊಳ್ಳೋದಕ್ಕಿಂತ ಇದು ಎಷ್ಟೋ ಮೇಲು. ಸೌಹಾರ್ದ ಅನ್ನೋದು ಇಲ್ಲಿ ಬರೀ ಭಾವನೆ ಅಲ್ಲ, ಒಂದು ವ್ಯವಸ್ಥೆ. ಯಾರು ಕಾಯ್ಬೇಕು, ದುಡ್ಡು ಎಲ್ಲಿಂದ, ತಪ್ಪಿದ್ರೆ ಯಾರನ್ನ ಕೇಳ್ಬೇಕು, ಎಲ್ಲಾ ಕಲ್ಲಿನ ಮೇಲೆ ಬರೆದಿದೆ. ಬಲ ಇರೋ ಕಡೆಯವರೇ ಕಾವಲಿಗೆ ನಿಲ್ಲಬೇಕು ಅನ್ನೋದು ಅದರ ತಿರುಳು.

ಭಾಗ 6, ಕೊನೆಯದು
ಗ್ರೂಪಿನ ಜಗಳದಲ್ಲಿ ಸಂಖ್ಯೆ ಜಾಸ್ತಿ ಇದ್ದದ್ದು ನನ್ನ ಕಡೆಯವರದ್ದೇ. ನಾನು ಏನೂ ಬೈದಿರಲಿಲ್ಲ. ಸುಮ್ಮನಿದ್ದೆ, ಅಷ್ಟೇ. ಸುಮ್ಮನಿದ್ದವನು ಕಾವಲಿಗೆ ನಿಂತ ಹಾಗಾಗಲ್ಲ ಅಂತ ಈಗ ಗೊತ್ತಾಯ್ತು. ಬಿಟ್ಟು ಹೋದ ಮೂವರಿಗೂ ನಿನ್ನೆ ಮೆಸೇಜ್ ಹಾಕಿದೀನಿ. ಒಬ್ಬಳು ರಿಪ್ಲೈ ಮಾಡಿದಾಳೆ. ಮುಂದಿನ ಭಾನುವಾರ ಬೆಳಗೊಳಕ್ಕೆ ಹೋಗೋಣ ಅಂತ ಮಾತಾಗಿದೆ. ಈ ಸಲ ಬೆಟ್ಟಕ್ಕಿಂತ ಮೊದಲು ಭಂಡಾರಿ ಬಸದಿ. ಬರೋರು ಕಾಮೆಂಟಿನಲ್ಲಿ ಹೇಳಿ.