ದೇವಗಿರಿಯ ಸೊಸೆಯರು, ಅಳಿಯಂದಿರು ಮತ್ತು ಒಂದು ಸಿಂಹಾಸನ

ಇಂಗ್ಲೆಂಡಿನ ಎಂಟನೇ ಹೆನ್ರಿ ಆರು ಮದುವೆ ಆದ ಕಥೆ ವೆಬ್ ಸೀರೀಸ್ ದಯೆಯಿಂದ ನಮ್ಮಲ್ಲಿ ಎಷ್ಟೋ ಜನಕ್ಕೆ ಬಾಯಿಪಾಠ. ಗಂಡು ಮಗು ಬೇಕು ಅಂತ ಪೋಪ್ ಜೊತೆಗಿನ ಸಂಬಂಧವನ್ನೇ ಕಡಿದುಕೊಂಡ ಮನುಷ್ಯ ಆತ. ನಾಸಿಕ್, ಸಂಭಾಜಿನಗರದಲ್ಲಿರೋ ನಮ್ಮವರು ವೀಕೆಂಡಿಗೆ ದೌಲತಾಬಾದ್ ಕೋಟೆ ಹತ್ತಿ ಸೆಲ್ಫಿ ತಗೊಂಡು ಬರ್ತಾರಲ್ಲ, ಅಲ್ಲಿನ ಮನೆಜಗಳ ಇದಕ್ಕೇನೂ ಕಮ್ಮಿಯಲ್ಲ. ಅಲ್ಲಿ ಗಂಡುಮಕ್ಕಳಿಗೆ ಬರ ಇರಲಿಲ್ಲ. ಒಂದು ಸಿಂಹಾಸನಕ್ಕೆ ಇಬ್ಬರಿದ್ದರು, ಅದೇ ತೊಂದರೆ.

ದೌಲತಾಬಾದ್ ಅಂದರೆ ಹಳೆಯ ದೇವಗಿರಿ. ಅಲ್ಲಿ ಆಳಿದವರು ಸೇವುಣರು. ಯಾದವರು ಅಂತಲೂ ಕರೀತಾರೆ. ಮೊದಲು ನಾಸಿಕ್ ಪಕ್ಕದ ಸಿನ್ನರ್‌ನಲ್ಲಿದ್ದ ಸಾಮಂತರು. ಕತ್ತಿಯಷ್ಟೇ ಸೊಸೆಯಂದಿರೂ ಅವರನ್ನು ಮೇಲೆತ್ತಿದರು. ಇಮ್ಮಡಿ ಭಿಲ್ಲಮನ ಹೆಂಡತಿ ಲಚ್ಚಿಯವ್ವೆ ರಾಷ್ಟ್ರಕೂಟ ಮನೆತನದವಳು. ಮುಮ್ಮಡಿ ಭಿಲ್ಲಮ ಕೈಹಿಡಿದ ಅವ್ವಲ್ಲದೇವಿ ಚಾಲುಕ್ಯ ಜಯಸಿಂಹನ ಮಗಳು. ಹೆಸರಿನಲ್ಲೇ 'ಅವ್ವ' ಇದ್ದಾಳೆ ನೋಡಿ! ಸೇವುಣರ ನೂರಾರು ಶಾಸನಗಳೂ ಕನ್ನಡದಲ್ಲೇ ಇವೆ. 12ನೇ ಶತಮಾನದ ಕೊನೆಗೆ ಐದನೇ ಭಿಲ್ಲಮ ಸ್ವತಂತ್ರನಾಗಿ ದೇವಗಿರಿಯಿಂದ ಆಳತೊಡಗಿದ.

ಮುಂದೆ ಕೃಷ್ಣ ಅನ್ನೋ ರಾಜ, ಶಾಸನಗಳಲ್ಲಿ ಕನ್ನರ, ಸುಮಾರು 1261ರಲ್ಲಿ ತೀರಿಕೊಂಡ. ಮಗ ರಾಮಚಂದ್ರ ಚಿಕ್ಕವನು. ಹಾಗಾಗಿ ತಮ್ಮ ಮಹಾದೇವ ಪಟ್ಟಕ್ಕೆ ಬಂದ. ಇಲ್ಲಿವರೆಗೆ ಸರಿ. ಆದರೆ ಮಹಾದೇವನ ನಂತರ ಯಾರು? ಅಣ್ಣನ ಮಗನೋ, ಸ್ವಂತ ಮಗನೋ? ನಮ್ಮ ಭಾಷೇಲಿ ಹೇಳೋದಾದ್ರೆ ಒಂದೇ ಅಡ್ಮಿನ್ ಪಾಸ್‌ವರ್ಡ್ ಇಬ್ಬರ ಕೈಯಲ್ಲಿ. ಮಹಾದೇವ ಸತ್ತಾಗ ಅವನ ಮಗ ಅಮ್ಮಣ ಸಿಂಹಾಸನ ಏರಿದ. ರಾಮಚಂದ್ರ ಈಗ ಚಿಕ್ಕವನಲ್ಲ, ಸುಮ್ಮನಿರಲೂ ಇಲ್ಲ.

ದೇವಗಿರಿಯನ್ನು ಹೊರಗಿಂದ ಹತ್ತಿ ಗೆಲ್ಲೋದು ಅಸಾಧ್ಯ. ಆ ಕಡಿದಾದ ಬಂಡೆ ನೋಡಿದವರಿಗೆ ಗೊತ್ತು. ಮಹಾನುಭಾವ ಪಂಥದವರ ಬರಹಗಳ ಪ್ರಕಾರ ರಾಮಚಂದ್ರ ತನ್ನವರಿಗೆ ಕುಣಿತದವರ ವೇಷ ಹಾಕಿಸಿ ಒಳಗೆ ಹೋದ. ಪ್ರದರ್ಶನದ ನಡುವೆ ಅಮ್ಮಣ ಸೆರೆಸಿಕ್ಕ. ಅವನ ಕಣ್ಣು ಕೀಳಿಸಿದರು ಅಂತಲೂ ಹೇಳುತ್ತಾರೆ. ಹಿರಿಯನ ಮಗನಾಗಿ ರಾಮಚಂದ್ರನಿಗೆ ಹಕ್ಕಿತ್ತು ಅಂತ ನನಗೂ ಅನಿಸುತ್ತೆ, ಆದರೆ ಕಣ್ಣು ಕೀಳೋಕೆ ಯಾವ ಹಕ್ಕೂ ಸಾಲದು. ಮಹಾದೇವನ ಮಂತ್ರಿ ಹೇಮಾದ್ರಿ ಮಾತ್ರ ಹೊಸ ರಾಜನ ಹತ್ತಿರವೂ ಮಂತ್ರಿಯಾಗೇ ಉಳಿದ. ಮ್ಯಾನೇಜರ್ ಬದಲಾದರೂ ಕೆಲವರ ಸೀಟು ಅಲ್ಲಾಡಲ್ಲ!

1296ರಲ್ಲಿ ಅಲ್ಲಾವುದ್ದೀನ್ ಖಿಲ್ಜಿ ದಿಢೀರನೆ ಬಂದ. ಆಗ ಸೈನ್ಯ ರಾಜಕುಮಾರನ ಜೊತೆ ದೂರ ಹೋಗಿತ್ತು. ರಾಮಚಂದ್ರ ಅಪಾರ ಸಂಪತ್ತು ಕೊಟ್ಟ, ವರ್ಷಾವರಿ ಕಪ್ಪ ಒಪ್ಪಿಕೊಂಡ, ಮಗಳನ್ನೂ ಕೊಟ್ಟ. ಹಿಂದೆ ದೊಡ್ಡ ಮನೆಯ ಹೆಣ್ಣು ತಂದು ಬೆಳೆದ ಮನೆತನ ಈಗ ಹೆಣ್ಣು ಕೊಟ್ಟು ಉಳಿದುಕೊಳ್ಳಬೇಕಾಯ್ತು. ಆ ಮಗಳನ್ನು ಯಾರಾದರೂ ಕೇಳಿದ್ದರಾ ಅನ್ನೋದು ಯಾವ ಶಾಸನದಲ್ಲೂ ಸಿಗಲ್ಲ.

1316ರಲ್ಲಿ ಅಲ್ಲಾವುದ್ದೀನ್ ಸತ್ತಾಗ ಮಲಿಕ್ ಕಾಫೂರ್ ದೆಹಲಿ ಪಟ್ಟದಲ್ಲಿ ಕೂರಿಸಿದ್ದು ಶಿಹಾಬುದ್ದೀನ್ ಅನ್ನೋ ಪುಟ್ಟ ಹುಡುಗನನ್ನ. ಅವನು ದೇವಗಿರಿಯ ಮಗಳ ಮಗ ಅನ್ನುತ್ತಾರೆ ಇತಿಹಾಸಕಾರರು. ಕೆಲವೇ ತಿಂಗಳಲ್ಲಿ ಮಲಅಣ್ಣ ಮುಬಾರಕ್ ಷಾ ಅವನನ್ನು ಇಳಿಸಿ ಕಣ್ಣು ಕೀಳಿಸಿದ. ಅತ್ತ ದೇವಗಿರಿಯಲ್ಲಿ ರಾಮಚಂದ್ರನ ಅಳಿಯ ಹರಪಾಲದೇವ ಬಂಡೆದ್ದಿದ್ದ. ಮುಬಾರಕ್ ಖುದ್ದಾಗಿ ದಂಡೆತ್ತಿ ಬಂದು ಅವನನ್ನು ಹಿಡಿದು ಕೊಲ್ಲಿಸಿದ. ಸೇವುಣರ ಆಳ್ವಿಕೆ ಅಲ್ಲಿಗೆ ಮುಗಿಯಿತು.