ಊರ ಜಗಲಿಯಿಂದ ಫೋನಿನ ಜಗಲಿಗೆ

ಅಹಮದಾಬಾದಿನಿಂದ ವಡೋದರಾ, ಸೂರತ್ತಿನ ಕಡೆ ಹೊರಟ ರೈಲು ಮಣಿನಗರ ದಾಟಿದರೆ ವಟ್ವಾ. ಈ ಹೆಸರು ಕೇಳಿದ ಕೂಡಲೇ ಗುಜರಾತಿಗಳಿಗೆ ನೆನಪಾಗುವುದು ಜಿಐಡಿಸಿ ಕೈಗಾರಿಕಾ ವಸಾಹತು, ಬಣ್ಣದ ಕಾರ್ಖಾನೆಗಳು, ರಾಸಾಯನಿಕದ ಘಾಟು. ಆದರೆ ವಟ್ವಾ ಕಾರ್ಖಾನೆಗಳಿಗಿಂತ ಐದು ಶತಮಾನ ಹಳೆಯದು. 1411ರಲ್ಲಿ ಸುಲ್ತಾನ ಅಹಮದ್ ಶಾ ಸಾಬರಮತಿಯ ದಂಡೆಯಲ್ಲಿ ಅಹಮದಾಬಾದ್ ಕಟ್ಟಿದ ಮೇಲೆ ವಟ್ವಾಕ್ಕೆ ಬಂದು ನೆಲೆಸಿದವರು ಸೈಯದ್ ಬುರ್ಹಾನುದ್ದೀನ್. ಉಚ್ ಪಟ್ಟಣದ ಪ್ರಸಿದ್ಧ ಸೂಫಿ ಮಖ್ದೂಮ್ ಜಹಾನಿಯಾನ್ ಅವರ ಮೊಮ್ಮಗ. ಜನ ಅವರನ್ನು ಕುತುಬ್-ಎ-ಆಲಂ ಎಂದು ಕರೆದರು. ಹದಿನೈದನೇ ಶತಮಾನದ ನಡುಭಾಗದಲ್ಲಿ ತೀರಿಕೊಂಡ ಅವರ ದೊಡ್ಡ ಸಮಾಧಿ ವಟ್ವಾದಲ್ಲಿ ಇಂದಿಗೂ ಇದೆ.

ಅಲ್ಲಿಗೆ ಹೋದವರಿಗೆಲ್ಲ ಒಂದು ಕಥೆ ಕೇಳಸಿಗುತ್ತದೆ. ಕತ್ತಲಲ್ಲಿ ನಡೆದು ಹೋಗುತ್ತಿದ್ದ ಕುತುಬ್-ಎ-ಆಲಂ ಏನನ್ನೋ ಎಡವಿದರಂತೆ. ಇದೇನು, ಕಲ್ಲೋ ಕಬ್ಬಿಣವೋ ಮರವೋ ಎಂದು ಅವರ ಬಾಯಿಂದ ಮಾತು ಬಂತು. ಎಡವಿದ ವಸ್ತು ಆ ಕ್ಷಣವೇ ಮೂರೂ ಆಗಿಬಿಟ್ಟಿತು! ಗುಜರಾತಿನ ಹಳೆಯ ಪರ್ಶಿಯನ್ ಬರಹಗಳಲ್ಲೂ ಈ ಕಥೆ ಸಿಗುತ್ತದೆ. ಪವಾಡವನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಕಾಲಿಗೆ ತಾಗಿದ್ದೇನು ಎಂಬ ತೀರಾ ಸಾದಾ ಪ್ರಶ್ನೆಯೊಂದು ಒಂದು ಊರಿನ ಮುಖ್ಯ ದಂತಕಥೆಯಾಗಿ ಉಳಿದದ್ದು ಮಾತ್ರ ಸೊಗಸು.

ಸೂಫಿ ಗುರುಗಳ ಬಳಿ ಬರುತ್ತಿದ್ದ ಜನ ಮೋಕ್ಷದ ಮಾತನ್ನಷ್ಟೇ ಕೇಳಲು ಬರುತ್ತಿರಲಿಲ್ಲ. ಗುರುವಿನ ಮಾತುಕತೆಯನ್ನು ಶಿಷ್ಯರು ಬರೆದಿಡುವ ಸಂಪ್ರದಾಯಕ್ಕೆ ಮಲ್ಫೂಜಾತ್ ಎನ್ನುತ್ತಾರೆ. ಅಂಥ ಬರಹಗಳಲ್ಲಿ ಕಾಯಿಲೆ, ಸಾಲ, ಮಕ್ಕಳ ಚಿಂತೆ, ಪ್ರಯಾಣದ ಭಯ ಎಲ್ಲವೂ ಧರ್ಮದ ಮಾತಿನ ನಡುನಡುವೆ ನುಸುಳುತ್ತವೆ. ಗುರುತಿಲ್ಲದವನು ಬಂದು ಕೇಳುತ್ತಾನೆ, ಗುರು ಹೇಳುತ್ತಾನೆ. ಉತ್ತರಕ್ಕೆ ಬೆಲೆ ಬರುವುದು ಹೇಳಿದವನ ದೊಡ್ಡತನದಿಂದ. ಹೇಳಿದ್ದು ಫಲಿಸಿತೇ ಎಂದು ಯಾರೂ ಲೆಕ್ಕ ಇಡುತ್ತಿರಲಿಲ್ಲ. ಫಲಿಸದಿದ್ದರೆ ತಪ್ಪು ಕೇಳಿದವನದೇ.

ಈ ಏರ್ಪಾಡು ಅಹಮದಾಬಾದಿನಲ್ಲೇ ಮೊದಲ ಬಾರಿ ಗಟ್ಟಿಯಾಗಿ ಅಲುಗಾಡಿದ್ದು ಇಪ್ಪತ್ತನೇ ಶತಮಾನದಲ್ಲಿ, ಇನ್ನೊಬ್ಬ ಗುರುವಿನ ಕೈಯಲ್ಲೇ. ಗಾಂಧೀಜಿ 1919ರ ಸೆಪ್ಟೆಂಬರ್ 7ರಂದು ಅಹಮದಾಬಾದಿನಿಂದ ಗುಜರಾತಿ ವಾರಪತ್ರಿಕೆ ‘ನವಜೀವನ’ ಶುರುಮಾಡಿದರು. ಅವರಿಗೆ ಬರುತ್ತಿದ್ದ ಕಾಗದಗಳಲ್ಲಿ ಸ್ವರಾಜ್ಯದಷ್ಟೇ ಜಾಗ ಹೊಟ್ಟೆಗೂ ಇತ್ತು. ಏನು ತಿನ್ನಬೇಕು, ಮಲಬದ್ಧತೆಗೆ ಏನು ಮಾಡಬೇಕು, ಮಗಳ ಮದುವೆ ಎಷ್ಟನೇ ವಯಸ್ಸಿಗೆ, ನೂಲು ಯಾಕೆ ತುಂಡಾಗುತ್ತದೆ. ಅವರು ಉತ್ತರಿಸುತ್ತಲೇ ಹೋದರು. ಮುಂದೆ 1940ರ ಹೊತ್ತಿಗೆ ‘ಹರಿಜನ’ದಲ್ಲಿ ಓದುಗರ ಪ್ರಶ್ನೆಗಳಿಗೆಂದೇ ಒಂದು ಅಂಕಣ ಬಂತು.

1913ರಲ್ಲಿ ದಕ್ಷಿಣ ಆಫ್ರಿಕದ ‘ಇಂಡಿಯನ್ ಒಪಿನಿಯನ್’ನಲ್ಲಿ ಅವರು ಗುಜರಾತಿಯಲ್ಲಿ ಬರೆದ ಆರೋಗ್ಯದ ಲೇಖನಮಾಲೆ ಪುಸ್ತಕವಾಯಿತು. ತಮ್ಮ ಬರಹಗಳಲ್ಲೆಲ್ಲ ಜನ ಹೆಚ್ಚು ಓದಿದ್ದು ಅದನ್ನೇ ಎಂದು ಆಮೇಲೆ ಅವರೇ ಬರೆದುಕೊಂಡರು. ಅದರಲ್ಲಿ ಹಾಲು ಬೇಡವೆಂದು ವಾದಿಸಿದ್ದರು. 1918ರಲ್ಲಿ ಹಾಸಿಗೆ ಹಿಡಿದಾಗ ಆಡಿನ ಹಾಲು ಕುಡಿಯಬೇಕಾಗಿ ಬಂತು. ಪುಸ್ತಕ ನಂಬಿ ಹಾಲು ಬಿಟ್ಟವರ ಗತಿ? ‘ನವಜೀವನ’ದಲ್ಲಿ 1925ರಿಂದ ವಾರವಾರ ಅಚ್ಚಾದ ಆತ್ಮಕಥೆಯಲ್ಲಿ ಅವರು ಅದನ್ನು ಮುಚ್ಚಿಡಲಿಲ್ಲ. ಒಳ್ಳೆಯದಾಗಿದ್ದರೆ ಅಥವಾ ಅನುಭವಿ ವೈದ್ಯರು ಹೇಳಿದ್ದರೆ ಮಾತ್ರ ಈ ಪ್ರಯೋಗ ಮುಂದುವರಿಸಿ, ಇಲ್ಲವೇ ನಿಲ್ಲಿಸಿ ಎಂದರು. ಹಾಲಿಗೆ ಬದಲಾಗಿ ನಿಲ್ಲಬಲ್ಲ ಸಸ್ಯಾಹಾರ ಯಾರಿಗಾದರೂ ಗೊತ್ತಿದ್ದರೆ, ಪುಸ್ತಕ ಓದಿ ಗೊತ್ತಾದದ್ದಲ್ಲ, ಸ್ವಂತ ಅನುಭವದಿಂದ ಗೊತ್ತಾದದ್ದು, ದಯವಿಟ್ಟು ತಿಳಿಸಿ ಎಂದೂ ಕೇಳಿಕೊಂಡರು. ಲಕ್ಷಾಂತರ ಜನರಿಗೆ ಸಲಹೆ ಹೇಳುತ್ತಿದ್ದ ಮನುಷ್ಯ ಹೀಗೆ ಓದುಗನ ಮುಂದೆ ಕೈ ಚಾಚಿದ್ದು ಚಿಕ್ಕ ಸಂಗತಿಯಲ್ಲ. 1929ರಲ್ಲಿ ಒಳ್ಳೆಯ ಚರಕ ಮಾಡಿಕೊಟ್ಟವರಿಗೆ ಅಖಿಲ ಭಾರತ ಚರಕ ಸಂಘ ಒಂದು ಲಕ್ಷ ರೂಪಾಯಿ ಬಹುಮಾನ ಸಾರಿದ್ದರ ಹಿಂದೆಯೂ ಇದೇ ಬುದ್ಧಿಯಿತ್ತು. ಬಹುಮಾನ ಯಾರಿಗೂ ದಕ್ಕಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರ ತಾನೇ ಉತ್ತರ ಹೇಳುವ ಪೀಠಕ್ಕೆ ಏರಿತು. 1956ರಲ್ಲಿ ಪುಣೆ ಆಕಾಶವಾಣಿ ಮಹಾರಾಷ್ಟ್ರದ 150 ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಸಿತು. ಹಳ್ಳಿಗರು ಗುಂಪಾಗಿ ಕೂತು ಕೃಷಿ ಕಾರ್ಯಕ್ರಮ ಕೇಳಿ, ಚರ್ಚಿಸಿ, ತಮ್ಮ ಪ್ರಶ್ನೆಗಳನ್ನು ಮರಳಿ ರೇಡಿಯೊಗೆ ಕಳಿಸುವುದು. ಒಳ್ಳೆಯ ಯೋಚನೆ. ಆದರೆ ಇಪ್ಪತ್ತು ವರ್ಷಗಳಲ್ಲಿ ಯಂತ್ರ ದೊಡ್ಡದಾಯಿತು, ಪ್ರಶ್ನೆ ಕೇಳುವ ಕಿಟಕಿ ಚಿಕ್ಕದಾಯಿತು. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿ.ವಿ. ಬಂತು. ಅದೇ ‘ಸೈಟ್’ ಯೋಜನೆ. ಅದರ ಬೆನ್ನೆಲುಬು ಅಹಮದಾಬಾದಿನ ಬಾಹ್ಯಾಕಾಶ ಕೇಂದ್ರ. ನಮ್ಮ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಟಿ.ವಿ. ಎಂದರೇನೆಂದು ಬೆಂಗಳೂರಿನವರೇ ನೋಡಿರದ ಕಾಲದಲ್ಲಿ ಆ ಬಿಸಿಲುನಾಡಿನ ಜನ ಸಂಜೆ ಪೆಟ್ಟಿಗೆಯ ಮುಂದೆ ಕೂತು ಕನ್ನಡದಲ್ಲಿ ಬೇಸಾಯದ ಪಾಠ ಕೇಳಿದರು. ಅನುಮಾನ ಬಂದರೆ ಕೇಳುವುದು ಯಾರನ್ನು? ಪೆಟ್ಟಿಗೆ ಮಾತಾಡುತ್ತಿತ್ತೇ ಹೊರತು ಕೇಳಿಸಿಕೊಳ್ಳುತ್ತಿರಲಿಲ್ಲ.

ಅಹಮದಾಬಾದಿನ ಐಐಎಂನಲ್ಲಿ ಪಾಠ ಹೇಳುತ್ತಿದ್ದ ಅನಿಲ್ ಗುಪ್ತಾ ಅವರಿಗೆ ಎಂಬತ್ತರ ದಶಕದ ಕೊನೆಯಲ್ಲಿ ಕಾಡಿದ್ದು ಇದರ ಇನ್ನೊಂದು ಮಗ್ಗುಲು. ರೈತರಿಂದ ಕಲಿತದ್ದನ್ನು ತಾನು ಇಂಗ್ಲಿಷಿನಲ್ಲಿ ಬರೆದು ಹೆಸರು ಮಾಡಿದೆ. ಹೇಳಿಕೊಟ್ಟ ರೈತನಿಗೆ ಆ ಬರಹ ಓದಲೂ ಬರುವುದಿಲ್ಲ, ಅದರಲ್ಲಿ ಅವನ ಹೆಸರೂ ಇಲ್ಲ. ಈ ಅಳುಕಿನಿಂದ ಹುಟ್ಟಿದ್ದೇ ಹನಿಬೀ ನೆಟ್‌ವರ್ಕ್. ನಿಯಮಗಳು ಸರಳ: ಜ್ಞಾನ ಕೊಟ್ಟವನ ಹೆಸರು ಹಾಕಬೇಕು, ಅವನ ಭಾಷೆಯಲ್ಲೇ ಅದು ಮರಳಬೇಕು, ಲಾಭ ಬಂದರೆ ಅವನಿಗೂ ಪಾಲು ಸಲ್ಲಬೇಕು. 1993ರಲ್ಲಿ ‘ಸೃಷ್ಟಿ’ ಸಂಸ್ಥೆ, 2000ದಲ್ಲಿ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ ಇದರಿಂದಲೇ ಬೆಳೆದವು. ಹನಿಬೀ ಪತ್ರಿಕೆಗೆ ದೇಶಭಾಷೆಗಳಲ್ಲಿ ತಂಗಿಯರು ಹುಟ್ಟಿದರು. ಗುಜರಾತಿಯಲ್ಲಿ ‘ಲೋಕಸರ್ವಾಣಿ’, ಕನ್ನಡದಲ್ಲಿ ‘ಹಿತ್ತಲಗಿಡ’. ಕನ್ನಡದ ಪತ್ರಿಕೆಯನ್ನು ನೋಡಿಕೊಂಡವರು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಟಿ.ಎನ್. ಪ್ರಕಾಶ್. ಹಿತ್ತಲ ಗಿಡ ಮದ್ದಲ್ಲ ಎಂದು ಹೇಳಿಕೊಂಡು ಬಂದ ನಾಡಿಗೆ ಇದಕ್ಕಿಂತ ಮೊನಚಾದ ಹೆಸರು ಸಿಗುತ್ತಿರಲಿಲ್ಲ.

ಹನಿಬೀಯವರು ಹುಡುಕಿ ತಂದ ಉತ್ತರಗಳು ಎಂಥವು? ಬಾವಿಯಿಂದ ನೀರು ಸೇದುವ ಹೆಂಗಸು ನಡುವೆ ಒಂದು ಗಳಿಗೆ ಕೈ ಬಿಟ್ಟರೆ ಕೊಡ ಮತ್ತೆ ಬಾವಿಗೆ ಬೀಳುತ್ತದೆ. ಜುನಾಗಢದ ಕಡೆಯ ಅಮೃತ್‌ಭಾಯಿ ಅಗ್ರಾವತ್ ರಾಟೆಗೆ ಒಂದು ತಡೆ ಕೂಡಿಸಿದರು. ಕೈ ಬಿಟ್ಟರೂ ಹಗ್ಗ ಜಾರದು, ಉಸಿರು ತೆಗೆದುಕೊಂಡು ಮತ್ತೆ ಸೇದಬಹುದು. ಶತಮಾನಗಳಿಂದ ಎಲ್ಲ ಹೆಂಗಸರ ತೋಳೂ ಕೇಳುತ್ತಿದ್ದ ಪ್ರಶ್ನೆ ಅದು. ಯಾವ ಇಂಜಿನಿಯರಿಂಗ್ ಕಾಲೇಜಿಗೂ ಅದು ಕೇಳಿಸಿರಲಿಲ್ಲ. ನಮ್ಮಲ್ಲೇ ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಹುಣಸೆ ಬೆಳೆದು ಬೀಜ ಬಿಡಿಸುವ ಕಷ್ಟಕ್ಕೆ ಸಿಕ್ಕಿಬಿದ್ದರು. ಕೈಸಾಲ ಮೈಮೇಲೆ ಬಂದರೂ ಪಟ್ಟು ಬಿಡದೆ ಬೀಜ ಬೇರ್ಪಡಿಸುವ ಯಂತ್ರ ಮಾಡಿದರು, ಬಿತ್ತನೆಯ ಕೂರಿಗೆಗಳನ್ನೂ ಮಾಡಿದರು. ಅಹಮದಾಬಾದಿನಲ್ಲಿ ಹುಟ್ಟಿದ ಆ ಪ್ರತಿಷ್ಠಾನ 2015ರಲ್ಲಿ ಅವರಿಗೆ ಜೀವಮಾನ ಸಾಧನೆ ಪ್ರಶಸ್ತಿ ಕೊಟ್ಟಿತು. 2022ರಲ್ಲಿ ಪದ್ಮಶ್ರೀಯೂ ಬಂತು.

ಇದೆಲ್ಲ ಸರಿ. ಆದರೆ ಪತ್ರಿಕೆ ತಿಂಗಳುಗಟ್ಟಲೆ ಕಾಯಿಸುತ್ತದೆ, ಹತ್ತಿಯ ಹುಳು ಕಾಯುವುದಿಲ್ಲ. ಓದಲು ಬಾರದ ರೈತನಿಗಂತೂ ಪತ್ರಿಕೆ ಇದ್ದೂ ಇಲ್ಲ.

ಹೊಸ ಶತಮಾನದ ಮೊದಲ ದಶಕ ಮುಗಿಯುವ ಹೊತ್ತಿಗೆ ಊರೂರಿಗೆ ಮೊಬೈಲ್ ಬಂದಿತ್ತು. ಅಹಮದಾಬಾದಿನ ಡೆವಲಪ್‌ಮೆಂಟ್ ಸಪೋರ್ಟ್ ಸೆಂಟರ್ ರೈತರಿಗಾಗಿ ರೇಡಿಯೊ ಕಾರ್ಯಕ್ರಮ ನಡೆಸುತ್ತಿತ್ತು. ಕಂಪ್ಯೂಟರ್ ಸಂಶೋಧಕ ನೀಲ್ ಪಟೇಲ್ ಮತ್ತು ಗೆಳೆಯರು ಆ ಸಂಸ್ಥೆಯೊಡನೆ ಸೇರಿ ಒಂದು ಫೋನ್ ಸೇವೆ ಕಟ್ಟಿದರು. ಹೆಸರು ‘ಅವಾಜ್ ಒಟಲೊ’. ಗುಜರಾತಿನ ಮನೆಗಳ ಮುಂದಿನ ಒಟಲೊ ಎಂದರೆ ನಮ್ಮ ಜಗಲಿಯೇ. ಅಹಮದಾಬಾದಿನ ಹಳೆಯ ಕೇರಿಗಳಾದ ಪೋಳ್‌ಗಳಲ್ಲಿ ಸಂಜೆಯ ಹರಟೆ, ಜಗಳ, ಮದುವೆ ಮಾತು ಎಲ್ಲ ಅದರ ಮೇಲೇ. ಈ ಫೋನಿನ ಜಗಲಿಗೆ ಬರಲು ಅಕ್ಷರ ಬೇಕಿರಲಿಲ್ಲ. ಕರೆ ಮಾಡಿ, ಅಂಕಿ ಒತ್ತಿ, ತನ್ನ ಪ್ರಶ್ನೆಯನ್ನು ತನ್ನದೇ ದನಿಯಲ್ಲಿ ಬಿಟ್ಟರಾಯಿತು. ಉತ್ತರವೂ ದನಿಯಾಗಿಯೇ ಬರುತ್ತಿತ್ತು. ಬೇರೆಯವರ ಪ್ರಶ್ನೆ, ಅವರಿಗೆ ಸಿಕ್ಕ ಉತ್ತರ ಎರಡನ್ನೂ ಕೇಳಬಹುದಿತ್ತು. ಅಂಕಿ ಒತ್ತುವುದು ಮೇಲೋ ಮಾತಾಡಿ ಆರಿಸುವುದು ಮೇಲೋ ಎಂದೂ ಅವರು ಮೊದಲೇ ಪರೀಕ್ಷಿಸಿದ್ದರು. ಹಳ್ಳಿಗರಿಗೆ ಸುಲಭವಾದದ್ದು ಅಂಕಿಯೇ.

2009ರಲ್ಲಿ ಏಳು ತಿಂಗಳು 51 ರೈತರು ಇದನ್ನು ಬಳಸಿ ನೋಡಿದರು. ಪ್ರಕಟಣೆಗಳಿದ್ದವು, ಹಳೆಯ ರೇಡಿಯೊ ಕಾರ್ಯಕ್ರಮಗಳಿದ್ದವು. ಜನ ಮುಗಿಬಿದ್ದದ್ದು ಮಾತ್ರ ಪ್ರಶ್ನೋತ್ತರಕ್ಕೆ, ಅದರಲ್ಲೂ ಇನ್ನೊಬ್ಬರ ಪ್ರಶ್ನೋತ್ತರ ಕೇಳುವುದಕ್ಕೆ. ತನಗೆ ನಾಳೆ ಬರಬಹುದಾದ ಕಷ್ಟ ಇವತ್ತು ಇನ್ನೊಬ್ಬನಿಗೆ ಬಂದಿದೆ ಎಂದು ಕೇಳಿಸಿಕೊಳ್ಳುವುದರಲ್ಲಿ ಒಂದು ರುಚಿಯಿದೆ. ವಾರಪತ್ರಿಕೆ ಕೈಗೆ ಬಂದ ಕೂಡಲೇ ಓದುಗರ ಪ್ರಶ್ನೆಗಳ ಪುಟ ತಿರುವುವ ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ.

ಯಾರು ಉತ್ತರ ಹೇಳಬೇಕು ಎಂಬ ಹಳೆಯ ಪ್ರಶ್ನೆ ಇಲ್ಲಿ ಮತ್ತೆ ತಲೆ ಎತ್ತಿತು. ಕೆಲವರಿಗೆ ವಿಜ್ಞಾನಿಯೇ ಬೇಕು. ಇನ್ನು ಕೆಲವರಿಗೆ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವ ಆಸೆ. ಸಂಶೋಧಕರು ಇದನ್ನೂ ಪರೀಕ್ಷೆಗೆ ಹಚ್ಚಿದರು. ಕೃಷಿ ಸಲಹೆಗಳನ್ನು ಒಮ್ಮೆ ವಿಜ್ಞಾನಿಗಳ ದನಿಯಲ್ಲಿ, ಒಮ್ಮೆ ರೈತರ ದನಿಯಲ್ಲಿ ಮುದ್ರಿಸಿ ಕಳಿಸಿದರು. ನಿಮಗೆ ಯಾರ ಮಾತಿನ ಮೇಲೆ ಹೆಚ್ಚು ಭರವಸೆ ಎಂದು ಕೇಳಿದರೆ ವಿಜ್ಞಾನಿಯ ಮೇಲೆ ಎಂದರು. ಆದರೆ ಹೆಚ್ಚಿನ ವಿವರಕ್ಕಾಗಿ ತಿರುಗಿ ಕರೆ ಮಾಡಿದ್ದು ರೈತನ ದನಿ ಕೇಳಿದವರೇ ಹೆಚ್ಚು! 2012ರಲ್ಲಿ ಪ್ರಕಟವಾದ ಈ ಫಲಿತಾಂಶ ಕುತುಬ್-ಎ-ಆಲಂ ಕಾಲದಿಂದ ನಡೆದುಬಂದ ಏರ್ಪಾಡನ್ನು ಸದ್ದಿಲ್ಲದೆ ತಲೆಕೆಳಗು ಮಾಡಿತು.

ಹಾಗೆಂದು ತಜ್ಞರು ಬೇಡವೆಂದಲ್ಲ. ಸಂಶೋಧಕರಾದ ಶಾನ್ ಕೋಲ್ ಮತ್ತು ನೀಲೇಶ್ ಫೆರ್ನಾಂಡೊ ಇದೇ ಸೇವೆಯನ್ನು ಸೌರಾಷ್ಟ್ರದ ಸುಮಾರು 1,200 ಹತ್ತಿ ಬೆಳೆಗಾರರ ನಡುವೆ ಅಧ್ಯಯನ ಮಾಡಿದರು. ಅದಕ್ಕೆ ಮೊದಲು ಆ ರೈತರಿಗೆ ಸಲಹೆ ಸಿಗುತ್ತಿದ್ದದ್ದು ಒಂದೋ ಪಕ್ಕದ ಹೊಲದವನಿಂದ, ಇಲ್ಲವೇ ಗೊಬ್ಬರ ಔಷಧಿಯ ಅಂಗಡಿಯವನಿಂದ. ಅಂಗಡಿಯವನ ಸಲಹೆ ಅವನ ಕಪಾಟಿನಲ್ಲಿ ಉಳಿದ ಬಾಟಲಿಯನ್ನೇ ತೋರಿಸಿದರೆ ಅಚ್ಚರಿಯಿಲ್ಲ. ಫೋನಿನಲ್ಲಿ ತಜ್ಞರ ಮಾತು ಸಿಕ್ಕಿದ ಮೇಲೆ ಮೊನೊಕ್ರೊಟೊಫಾಸ್‌ನಂಥ ಅಪಾಯದ ವಿಷದ ಬಳಕೆ ತಗ್ಗಿತು, ಜೀರಿಗೆ ಬೆಳೆಯುವವರು ಹೆಚ್ಚಾದರು. ಪಕ್ಕದ ಹೊಲದವನ ಮಾತಿಗೆ ಕಿವಿಗೊಡುತ್ತಾರೆ ನಿಜ. ಪಕ್ಕದ ಹೊಲದವನಿಗೂ ಗೊತ್ತಿಲ್ಲದ್ದು ಇದ್ದೇ ಇರುತ್ತದೆ.

ಗುಜರಾತಿನ ಈ ಪಾಠ ಮಲೆನಾಡಿಗೂ ಬಂತು. ಶಾನ್ ಕೋಲ್, ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಮೈಕೆಲ್ ಕ್ರೆಮರ್ ಮೊದಲಾದವರು ಕಟ್ಟಿದ ಸಂಸ್ಥೆಯ ಜೊತೆಗೂಡಿ ಕಾಫಿ ಬೋರ್ಡ್ 2018ರ ಜುಲೈಯಲ್ಲಿ ‘ಕಾಫಿ ಕೃಷಿ ತರಂಗ’ ಆರಂಭಿಸಿತು. ಮೊದಲ ವರ್ಷದ ಗುರಿ ಚಿಕ್ಕಮಗಳೂರು, ಹಾಸನ ಜಿಲ್ಲೆಗಳ 30,000 ಬೆಳೆಗಾರರು. ಬೆಳೆಗಾರ ಫೋನಿನಲ್ಲಿ ಕಾಂಡಕೊರಕದ ಬಗ್ಗೆ ಕೇಳುವುದು, ಉತ್ತರ ಅದೇ ಫೋನಿಗೆ ಬರುವುದು. ಇದಕ್ಕಿಂತ ಹಿರಿಯದು ಕೇಂದ್ರ ಸರ್ಕಾರದ ಕಿಸಾನ್ ಕಾಲ್ ಸೆಂಟರ್. 2004ರ ಜನವರಿ 21ರಿಂದ ಅದು ರೈತರ ಭಾಷೆಯಲ್ಲೇ ಉತ್ತರ ಹೇಳುತ್ತಿದೆ.

ಆದರೆ ಕನ್ನಡಿಗರು ಯಾವ ಸಂಶೋಧಕನ ಹಂಗೂ ಇಲ್ಲದೆ ತಮ್ಮದೇ ಒಂದು ಪದ್ಧತಿ ಕಂಡುಕೊಂಡಿದ್ದರು. ಅನಿಲ್ ಗುಪ್ತಾ ಹನಿಬೀ ಕಟ್ಟುತ್ತಿದ್ದ ಅದೇ ಹೊತ್ತಿಗೆ, 1988ರಲ್ಲಿ, ಕಾಸರಗೋಡು ಗಡಿಯ ಶ್ರೀಪಡ್ರೆ ಮತ್ತು ಗೆಳೆಯರು ಪುತ್ತೂರಿನಿಂದ ‘ಅಡಿಕೆ ಪತ್ರಿಕೆ’ ಹೊರಡಿಸಿದರು. ರೈತರ ಕೈಗೆ ಲೇಖನಿ ಎಂಬುದು ಅವರ ಹಟ. ಬೆಳೆದವನೇ ಬರೆಯಬೇಕು, ಬರೆದವನ ವಿಳಾಸವೂ ಕೆಳಗಿರಬೇಕು. ಫೋನ್ ಬಂದ ಮೇಲೆ ವಿಳಾಸದ ಜಾಗಕ್ಕೆ ನಂಬರು ಬಂತು, ಅದರ ಪಕ್ಕ ಕಂಸದಲ್ಲಿ ಕರೆ ಮಾಡುವ ಹೊತ್ತು. ಇಂದು ಕನ್ನಡದ ಹಲವು ಪತ್ರಿಕೆಗಳ ಕೃಷಿ ಪುಟಗಳಲ್ಲಿ ಲೇಖನದ ಕೊನೆಗೆ ಆ ಸಾಲು ಕಾಣುತ್ತದೆ. ಮಳೆನೀರು ಇಂಗಿಸಿದವನಿಗೆ, ಹಲಸಿನ ಹಪ್ಪಳ ಮಾರಿದವಳಿಗೆ ಹೆಸರೇ ಕೇಳಿರದ ಊರುಗಳಿಂದ ಕರೆ ಬರುತ್ತವೆ. ಸಂಬಳವಿಲ್ಲ, ಗುರುಪೀಠವಿಲ್ಲ, ಆದರೂ ಕೆಲವು ಲೇಖನ ಅಚ್ಚಾದ ಮೇಲೆ ವಾರಗಟ್ಟಲೆ ಫೋನು ಬಿಡುವು ಕೊಡುವುದಿಲ್ಲ.

ಅಂಥ ನಂಬರಿಗೆ ಕರೆ ಮಾಡುವವರು ಎರಡು ಮಾತು ನೆನಪಿಡಲಿ. ಕಂಸದಲ್ಲಿ ಬರೆದ ಹೊತ್ತಿಗೇ ಮಾಡಿ; ಹಗಲು ಅವರು ತೋಟದಲ್ಲಿರುತ್ತಾರೆ. ಅವರು ಹೇಳಿದಂತೆ ಮಾಡಿ ಕೈಸುಟ್ಟುಕೊಂಡರೆ ಆಗಲೂ ಮತ್ತೊಮ್ಮೆ ಕರೆ ಮಾಡಿ ತಿಳಿಸಿ; ಮುಂದೆ ಕೇಳುವವನಿಗೆ ಅವರು ಅದನ್ನೂ ಸೇರಿಸಿ ಹೇಳುತ್ತಾರೆ.